ನಾಲ್ಕು ಗಾನತಟ್ಟೆಗಳಲ್ಲಿ ಉಳಿದ ಗೆಳೆತನ

(ಸಂಗೀತಾಸಕ್ತರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಇವತ್ತು ನಾನು ಮಾತನಾಡಬೇಕೆಂದಿರುವುದು ನಾಲ್ಕು ಗಾನತಟ್ಟೆಗಳ ಬಗ್ಗೆ. 1961ರಿಂದ 1968ರವರೆಗಿನ ಏಳು ವರ್ಷಗಳಲ್ಲಿ ಇಂಗ್ಲೆಂಡಿನ ಡೆಕ್ಕಾ ಕಂಪನಿ ಇವನ್ನು ಧ್ವನಿಮುದ್ರಿಸಿತು. ನಾಲ್ಕರಲ್ಲೂ ಚೆಲ್ಲೊ ನುಡಿಸಿದವರು ಸೋವಿಯತ್ ಒಕ್ಕೂಟದ ಮ್ಸ್ತಿಸ್ಲಾವ್ ರಾಸ್ಟ್ರೊಪೊವಿಚ್. ಎರಡರಲ್ಲಿ ಅವರ ಜೊತೆ ಪಿಯಾನೊ ನುಡಿಸಿದವರು, ಒಂದರಲ್ಲಿ ವಾದ್ಯವೃಂದವನ್ನು ನಡೆಸಿದವರು, ಇನ್ನೊಂದರಲ್ಲಿ ಏನನ್ನೂ ನುಡಿಸದೆ ಸಂಗೀತವನ್ನು ಮಾತ್ರ ಬರೆದುಕೊಟ್ಟವರು ಇಂಗ್ಲೆಂಡಿನ ಬೆಂಜಮಿನ್ ಬ್ರಿಟ್ಟನ್. ಹೆಸರು ಆ ದೇಶದ ಹೆಸರನ್ನೇ ಹೋಲುತ್ತದೆ, ಅದು ಆಕಸ್ಮಿಕ.

ಒಬ್ಬರು ರಷ್ಯಾದವರು, ಇನ್ನೊಬ್ಬರು ಇಂಗ್ಲೆಂಡಿನವರು. ಕಾಲ ಶೀತಲ ಸಮರದ್ದು. ಮೊದಲ ತಟ್ಟೆ ತಯಾರಾದದ್ದು 1961ರ ಜುಲೈಯಲ್ಲಿ. ಮರು ತಿಂಗಳು ಬರ್ಲಿನ್ ನಗರದ ನಡುವೆ ಗೋಡೆ ಎದ್ದಿತು. ಕೊನೆಯ ಎರಡು ತಟ್ಟೆಗಳ ಕೆಲಸ ನಡೆದದ್ದು 1968ರ ಜುಲೈಯಲ್ಲಿ. ಮರು ತಿಂಗಳು ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರಕ್ಕೆ ನುಗ್ಗಿದವು. ಈ ಎರಡು ಘಟನೆಗಳ ನಡುವಿನ ಸಂದಿಯಲ್ಲಿ ಇಬ್ಬರು ಗೆಳೆಯರು ಕೂತು ನುಡಿಸಿದ್ದು ನಮ್ಮ ಕಿವಿಗೆ ಉಳಿದಿದೆ. ಅದು ಹೇಗೆ ಸಾಧ್ಯವಾಯಿತು, ಯಾಕೆ ಮುಂದುವರಿಯಲಿಲ್ಲ, ಅದರಲ್ಲಿ ಏನು ಸೇರದೆ ಹೋಯಿತು ಎಂಬುದೇ ಈ ಮಾತಿನ ವಿಷಯ.

ಬರೆದವರೇ ನುಡಿಸಿದರೆ

ಸಂಗೀತ ಬರೆದವರ ಸ್ವಂತ ಧ್ವನಿಮುದ್ರಣಕ್ಕೆ ಅಷ್ಟು ಬೆಲೆ ಯಾಕೆ ಎಂದು ಕೇಳಬಹುದು. ಪುರಂದರದಾಸರನ್ನು ನೆನೆಸಿಕೊಳ್ಳಿ. ಅವರ ಪದಗಳ ಸಾಹಿತ್ಯ ನಮಗೆ ಸಿಕ್ಕಿದೆ, ಆದರೆ ಅವರು ಹಾಡುತ್ತಿದ್ದ ಮಟ್ಟುಗಳು ಬಹುಪಾಲು ಸಿಕ್ಕಿಲ್ಲ. ಆದ್ದರಿಂದಲೇ ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ, ಮತ್ತೊಬ್ಬರು ಇನ್ನೊಂದು ರಾಗದಲ್ಲಿ ಹಾಡುತ್ತಾರೆ. ಗುರುವಿನಿಂದ ಶಿಷ್ಯನಿಗೆ ಬಂದ ಪಾಠಾಂತರವೇ ನಮಗೆ ಆಧಾರ.

ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳನ್ನು ಕಾಗದದ ಮೇಲೆ ಬರೆದಿಡುತ್ತಾರೆ, ನಿಜ. ಯಾವ ಸ್ವರ, ಎಷ್ಟು ಹೊತ್ತು, ಮೆಲ್ಲಗೋ ಜೋರಾಗಿಯೋ ಎಂಬುದೆಲ್ಲ ಅಲ್ಲಿರುತ್ತದೆ. ಆದರೆ ‘ಮೆಲ್ಲಗೆ’ ಎಂದರೆ ಎಷ್ಟು ಮೆಲ್ಲಗೆ? ಒಂದು ವಾಕ್ಯ ಮುಗಿದ ಮೇಲೆ ಉಸಿರು ತೆಗೆದುಕೊಳ್ಳುವಷ್ಟು ನಿಲ್ಲಬೇಕೋ, ಬೇಡವೋ? ಇದನ್ನು ಕಾಗದ ಹೇಳುವುದಿಲ್ಲ. ಬರೆದವರ ಕೈ ಹೇಳುತ್ತದೆ.

ಈ ಬೆಲೆಯನ್ನು ಅರಿತಿದ್ದವರಲ್ಲಿ ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರೂ ಒಬ್ಬರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತರಚನಕಾರರು ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲೆಂದು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಒಡೆಯರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ಮುದ್ರಣಗಳು ಆಗದಿದ್ದರೆ ಅವರ ಕೃತಿಗಳ ಪಾಠಾಂತರದ ಬಹುಭಾಗ ಅವರ ಜೊತೆಗೇ ಹೋಗುತ್ತಿತ್ತು.

ಚೆಲ್ಲೊ ವಾದ್ಯಕ್ಕೂ ಇಂಥ ಮುದ್ರಣಗಳ ಇತಿಹಾಸವಿದೆ. ಇಂಗ್ಲೆಂಡಿನ ಎಡ್ವರ್ಡ್ ಎಲ್ಗರ್ ತಮ್ಮ ಚೆಲ್ಲೊ ಕನ್ಸರ್ಟೊವನ್ನು ಬಿಯಾಟ್ರಿಸ್ ಹ್ಯಾರಿಸನ್ ಎಂಬ ಕಲಾವಿದೆಯ ಜೊತೆ ಎರಡು ಸಲ ಮುದ್ರಿಸಿದರು. ಮೊದಲ ಸಲ, 1919-20ರಲ್ಲಿ, ಇನ್ನೂ ಮೈಕ್ರೊಫೋನ್ ಬಳಕೆಗೆ ಬಂದಿರಲಿಲ್ಲ. ದೊಡ್ಡ ಕಹಳೆಯ ಮುಂದೆ ಕೂತು ನುಡಿಸಬೇಕು, ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಮಾತ್ರ. ಹಾಗಾಗಿ ಕೃತಿಯನ್ನೇ ಕತ್ತರಿಸಿ ಚಿಕ್ಕದು ಮಾಡಿದರು. ಮೈಕ್ರೊಫೋನ್ ಬಂದ ಮೇಲೆ 1928ರಲ್ಲಿ ಪೂರ್ತಿಯಾಗಿ ಮುದ್ರಿಸಿದರು. ಬ್ರಿಟ್ಟನ್ ಕಾಲಕ್ಕೆ ಲಾಂಗ್ ಪ್ಲೇ ತಟ್ಟೆ, ಸ್ಟೀರಿಯೊ ಎರಡೂ ಬಂದಿದ್ದವು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಸಂಗೀತ ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳಬಹುದಾಗಿತ್ತು.

ಲಂಡನ್ನಿನ ಒಂದು ಸಂಜೆ

ಚೆಲ್ಲೊ ಎಂದರೆ ಪಿಟೀಲಿನ ದೊಡ್ಡಣ್ಣ. ನಾಲ್ಕು ತಂತಿ. ಕುರ್ಚಿಯಲ್ಲಿ ಕೂತು, ವಾದ್ಯವನ್ನು ನೆಲಕ್ಕೆ ಊರಿ, ಮೊಣಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವುದು. ಮಂದ್ರದಲ್ಲಿ ಗಂಡಸಿನ ಎದೆಯ ದನಿ, ಮೇಲಕ್ಕೆ ಹೋದರೆ ಹೆಣ್ಣಿನ ಕೊರಳು. ನಮ್ಮ ಸಿನಿಮಾ ಹಾಡುಗಳ ವಾದ್ಯವೃಂದದಲ್ಲಿ ಈ ನಾದವನ್ನು ಹೆಸರು ಗೊತ್ತಿಲ್ಲದೆಯೇ ನಾವು ಕೇಳಿದ್ದೇವೆ.

1927ರಲ್ಲಿ ಬಾಕು ನಗರದಲ್ಲಿ ಹುಟ್ಟಿದ ರಾಸ್ಟ್ರೊಪೊವಿಚ್ ಮೂವತ್ತರ ಹರೆಯದಲ್ಲೇ ಈ ವಾದ್ಯದ ದೊಡ್ಡ ಹೆಸರಾಗಿದ್ದರು. ಪ್ರೊಕೊಫಿಯೆವ್, ಶೋಸ್ತಕೋವಿಚ್ ಇಬ್ಬರೂ ಅವರಿಗಾಗಿ ಬರೆದಿದ್ದರು. ಶೋಸ್ತಕೋವಿಚ್ ಅವರ ಮೊದಲ ಚೆಲ್ಲೊ ಕನ್ಸರ್ಟೊವನ್ನು ಅವರು ನಾಲ್ಕೇ ದಿನಗಳಲ್ಲಿ ಬಾಯಿಪಾಠ ಮಾಡಿದ್ದರು. 1960ರ ಸೆಪ್ಟೆಂಬರ್ 21ರಂದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಆ ಕನ್ಸರ್ಟೊ ಇಂಗ್ಲೆಂಡಿನವರಿಗೆ ಮೊದಲ ಸಲ ಕೇಳಿಸಿತು. ಶೋಸ್ತಕೋವಿಚ್ ಬಂದಿದ್ದರು. ಅವರ ಪಕ್ಕದಲ್ಲಿ ಬ್ರಿಟ್ಟನ್ ಕೂತಿದ್ದರು. ಕಛೇರಿ ಮುಗಿದ ಮೇಲೆ ಶೋಸ್ತಕೋವಿಚ್ ತಮ್ಮ ಪಕ್ಕೆಯೆಲ್ಲ ನೋಯುತ್ತಿದೆ ಎಂದರಂತೆ. ಇಷ್ಟವಾದ ಜಾಗ ಬಂದಾಗಲೆಲ್ಲ ಬ್ರಿಟ್ಟನ್ ಅವರಿಗೆ ತಿವಿಯುತ್ತಿದ್ದರಂತೆ. ಇದು ರಾಸ್ಟ್ರೊಪೊವಿಚ್ ಹೇಳುತ್ತಿದ್ದ ಕಥೆ.

ಆ ಸಂಜೆ ಪರಿಚಯವಾದ ಕೂಡಲೇ ರಾಸ್ಟ್ರೊಪೊವಿಚ್ ಕೇಳಿದ್ದು ಒಂದೇ: ನನಗೊಂದು ಕೃತಿ ಬರೆದುಕೊಡಿ. ಬ್ರಿಟ್ಟನ್ ಒಪ್ಪಿದರು, ಒಂದು ಷರತ್ತಿನ ಮೇಲೆ. ಇಂಗ್ಲೆಂಡಿನ ಪೂರ್ವ ಕರಾವಳಿಯ ಆಲ್ಡ್‌ಬರೊ ಎಂಬ ಸಣ್ಣ ಊರಿನಲ್ಲಿ ಬ್ರಿಟ್ಟನ್ ಮತ್ತು ಅವರ ಸಂಗಾತಿ, ಗಾಯಕ ಪೀಟರ್ ಪಿಯರ್ಸ್, ಪ್ರತಿ ಬೇಸಗೆಯಲ್ಲಿ ಸಂಗೀತೋತ್ಸವ ನಡೆಸುತ್ತಿದ್ದರು. ಆ ಕೃತಿಯನ್ನು ಅಲ್ಲಿಗೆ ಬಂದು ನುಡಿಸಬೇಕು ಎಂಬುದು ಷರತ್ತು.

ಮೊದಲ ತಟ್ಟೆ: ಸಂಭಾಷಣೆ

ಚೆಲ್ಲೊ ಮತ್ತು ಪಿಯಾನೊಗಳಿಗೆಂದು ಬರೆದ ಸೊನಾಟಾ 1961ರ ಆರಂಭದಲ್ಲಿ ಸಿದ್ಧವಾಯಿತು. ಆ ಮಾರ್ಚಿನಲ್ಲಿ ರಾಸ್ಟ್ರೊಪೊವಿಚ್ ದಕ್ಷಿಣ ಅಮೆರಿಕಕ್ಕೆ ಹೋಗುವ ದಾರಿಯಲ್ಲಿ ಲಂಡನ್ನಿನಲ್ಲಿ ಇಳಿದರು. ಇಬ್ಬರಿಗೂ ಎದೆ ಢವಢವ. ವಾದ್ಯಗಳನ್ನು ಮುಟ್ಟುವ ಮೊದಲು ನಾಲ್ಕೈದು ದೊಡ್ಡ ಪೆಗ್ ವಿಸ್ಕಿ ಬೇಕಾಯಿತೆಂದು ರಾಸ್ಟ್ರೊಪೊವಿಚ್ ಮುಂದೆ ನಗುನಗುತ್ತಾ ಹೇಳಿಕೊಂಡಿದ್ದಾರೆ. ಅವತ್ತು ಕೆಟ್ಟದಾಗಿಯೇ ನುಡಿಸಿದರಂತೆ, ಆದರೆ ಬಹಳ ಖುಷಿಯಾಗಿದ್ದರಂತೆ.

ಇಬ್ಬರಿಗೂ ಒಂದು ಸಮಾನ ಭಾಷೆ ಇರಲಿಲ್ಲ ಎಂಬುದನ್ನು ಮರೆಯಬಾರದು. ಇವರಿಗೆ ರಷ್ಯನ್ ಬಾರದು, ಅವರಿಗೆ ಇಂಗ್ಲಿಷ್ ಬಾರದು. ಇಬ್ಬರಿಗೂ ಅಷ್ಟಿಷ್ಟು ಬರುತ್ತಿದ್ದುದು ಜರ್ಮನ್. ಆ ಹರಕುಮುರುಕು ಜರ್ಮನ್ನಿಗೆ ಅವರೇ ‘ಆಲ್ಡ್‌ಬರೊ ಜರ್ಮನ್’ ಎಂದು ಹೆಸರಿಟ್ಟರು.

ಸೊನಾಟಾದ ಐದು ಭಾಗಗಳಲ್ಲಿ ಮೊದಲನೆಯದರ ಹೆಸರೇ ‘ಸಂಭಾಷಣೆ’. ಅದು ದೊಡ್ಡ ರಾಗದಿಂದ ಶುರುವಾಗುವುದಿಲ್ಲ. ಚೆಲ್ಲೊ ಎರಡು ಸ್ವರ ಹೇಳಿ ನಿಲ್ಲುತ್ತದೆ, ಮತ್ತೆ ಎರಡು ಸ್ವರ ಹೇಳಿ ನಿಲ್ಲುತ್ತದೆ. ಗುರುತಿಲ್ಲದ ಭಾಷೆಯಲ್ಲಿ ಪದ ಹುಡುಕುತ್ತಿರುವವರಂತೆ. ಪಿಯಾನೊ ಕಾದು ಉತ್ತರ ಕೊಡುತ್ತದೆ. ಎರಡನೆಯ ಭಾಗದಲ್ಲಿ ವಾದಕರು ಕಮಾನನ್ನು ಬದಿಗಿಟ್ಟು ತಂತಿಗಳನ್ನು ಬೆರಳಿನಿಂದಲೇ ಮೀಟುತ್ತಾರೆ. ಆಮೇಲೆ ಒಂದು ಶೋಕಗೀತೆ, ಒಂದು ಅಣಕು ಸೈನಿಕ ನಡೆ, ಕೊನೆಗೆ ನಿಲ್ಲದೆ ಓಡುವ ಒಂದು ಭಾಗ. ರಾಸ್ಟ್ರೊಪೊವಿಚ್ ಅವರ ಕೈಗೆ ಏನೆಲ್ಲ ಸಾಧ್ಯವೆಂದು ಕೇಳಿ ತಿಳಿದವರು ಅಳತೆ ತೆಗೆದು ಹೊಲಿದ ಅಂಗಿ ಇದು.

1961ರ ಜುಲೈ 7ರಂದು ಆಲ್ಡ್‌ಬರೊದ ಜುಬಿಲಿ ಹಾಲಿನಲ್ಲಿ ಇಬ್ಬರೂ ಇದನ್ನು ಮೊದಲ ಸಲ ನುಡಿಸಿದರು. ಅದೇ ತಿಂಗಳು ಧ್ವನಿಮುದ್ರಣವೂ ಆಯಿತು. ತಟ್ಟೆಯ ಉಳಿದ ಭಾಗಕ್ಕೆ ಶೂಮನ್ ಮತ್ತು ದೆಬುಸಿ ಅವರ ಚೆಲ್ಲೊ ಕೃತಿಗಳನ್ನು ನುಡಿಸಿದರು. ಇದು ಅಲ್ಪಕಾಲದ ಒಡನಾಟದ ಫಲವಷ್ಟೇ. ಆದರೂ ಕೇಳುವಾಗ ಹಳೆಯ ಜೊತೆಗಾರರು ಎನ್ನಿಸುತ್ತದೆ.

ಎರಡನೆಯ ತಟ್ಟೆ: ಸಮಸಮ

ಇಲ್ಲಿ ರಾಸ್ಟ್ರೊಪೊವಿಚ್ ಅವರ ಪತ್ನಿ, ಗಾಯಕಿ ಗಲೀನಾ ವಿಷ್ನೆವ್‌ಸ್ಕಯಾ ಅವರ ಪ್ರಸಂಗ ಹೇಳಬೇಕು. ಯುದ್ಧವಿರೋಧಿಯಾಗಿದ್ದ ಬ್ರಿಟ್ಟನ್ ‘ವಾರ್ ರೆಕ್ವಿಯಂ’ ಎಂಬ ಮಹಾಕೃತಿಯನ್ನು ಬರೆದಾಗ ಒಬ್ಬ ಇಂಗ್ಲಿಷ್ ಗಾಯಕ, ಒಬ್ಬ ಜರ್ಮನ್ ಗಾಯಕ, ಒಬ್ಬ ರಷ್ಯನ್ ಗಾಯಕಿ ಒಟ್ಟಿಗೆ ಹಾಡಬೇಕೆಂದು ಬಯಸಿದ್ದರು. ಮಹಾಯುದ್ಧದಲ್ಲಿ ಬಾಂಬಿಗೆ ಉರಿದುಹೋಗಿದ್ದ ಕವೆಂಟ್ರಿಯ ಚರ್ಚಿನ ಪಕ್ಕದಲ್ಲಿ ಹೊಸ ಚರ್ಚು ಕಟ್ಟಿದ್ದರು. 1962ರ ಮೇ 30ರಂದು ಅಲ್ಲೇ ಅದರ ಮೊದಲ ಪ್ರಯೋಗ. ವಿಷ್ನೆವ್‌ಸ್ಕಯಾ ಅವರಿಗೆ ಸೋವಿಯತ್ ಸರ್ಕಾರ ಅಪ್ಪಣೆ ಕೊಡಲಿಲ್ಲ. ಆದರೆ 1963ರ ಜನವರಿಯಲ್ಲಿ ಅದರ ಧ್ವನಿಮುದ್ರಣಕ್ಕೆ ಅವರು ಬಂದರು. ವೇದಿಕೆಯ ಮೇಲೆ ಆಗದೆ ಹೋದದ್ದು ಗಾನತಟ್ಟೆಯಲ್ಲಿ ಆಯಿತು. ನಾವು ಇವತ್ತು ಕೇಳುವುದು ಬ್ರಿಟ್ಟನ್ ಮನಸ್ಸಿನಲ್ಲಿದ್ದ ಆ ಮೂರು ಕೊರಳುಗಳನ್ನೇ.

ಗೆಳೆಯನಿಗಾಗಿ ಬರೆದ ಎರಡನೆಯ ಕೃತಿ ಅದೇ 1963ರದ್ದು. ಒಬ್ಬ ವಾದಕ ಮತ್ತು ಇಡೀ ವಾದ್ಯವೃಂದ ಸೇರಿದರೆ ಸಾಮಾನ್ಯವಾಗಿ ಅದನ್ನು ಕನ್ಸರ್ಟೊ ಎನ್ನುತ್ತಾರೆ. ಬ್ರಿಟ್ಟನ್ ಹಾಗೆನ್ನದೆ ‘ಚೆಲ್ಲೊ ಸಿಂಫನಿ’ ಎಂದರು. ಇಲ್ಲಿ ವಾದ್ಯವೃಂದ ಪಕ್ಕವಾದ್ಯವಲ್ಲ, ಚೆಲ್ಲೊ ನಾಯಕನೂ ಅಲ್ಲ. ಇಬ್ಬರಿಗೂ ಸಮಪಾಲು. ಆರಂಭದಲ್ಲಿ ವೃಂದದ ಅತಿ ಮಂದ್ರ ವಾದ್ಯಗಳು ನೆಲದಡಿಯಿಂದ ಬಂದಂತೆ ಗುನುಗುತ್ತವೆ. ಅವುಗಳ ಮೇಲೆ ಚೆಲ್ಲೊ ಹಲವು ತಂತಿಗಳನ್ನು ಒಮ್ಮೆಗೇ ಎಳೆದು ಮಾತು ಶುರುಮಾಡುತ್ತದೆ.

ಇದರ ಮೊದಲ ಪ್ರಯೋಗ 1964ರ ಮಾರ್ಚ್ 12ರಂದು ಮಾಸ್ಕೊದಲ್ಲಿ ನಡೆಯಿತು. ಇಂಗ್ಲಿಷ್ ರಚನಕಾರರೊಬ್ಬರ ದೊಡ್ಡ ಕೃತಿ ಸೋವಿಯತ್ ರಾಜಧಾನಿಯಲ್ಲಿ, ಅವರದೇ ನಿರ್ದೇಶನದಲ್ಲಿ, ರಷ್ಯನ್ ವಾದ್ಯವೃಂದದಿಂದ ಮೊದಲು ಕೇಳಿಸಿತು. ಅದೇ ಜುಲೈಯಲ್ಲಿ ಇಂಗ್ಲಿಷ್ ಚೇಂಬರ್ ಆರ್ಕೆಸ್ಟ್ರಾ ಜೊತೆ ಡೆಕ್ಕಾ ಅದನ್ನು ಮುದ್ರಿಸಿತು. ತಟ್ಟೆಯ ಜೊತೆಗೂಡಿದ ಕೃತಿ ಹೈಡನ್ ಅವರ ಸಿ ಮೇಜರ್ ಚೆಲ್ಲೊ ಕನ್ಸರ್ಟೊ. ಸುಮಾರು ಇನ್ನೂರು ವರ್ಷ ಕಳೆದುಹೋಗಿದ್ದ ಅದರ ಪ್ರತಿ ಪ್ರಾಗ್ ನಗರದಲ್ಲಿ 1961ರಲ್ಲಷ್ಟೇ ಸಿಕ್ಕಿತ್ತು. ಅದರಲ್ಲಿ ಚೆಲ್ಲೊ ಒಂಟಿಯಾಗಿ ನುಡಿಸುವ ಜಾಗಗಳಿಗೆ ಬ್ರಿಟ್ಟನ್ ಗೆಳೆಯನಿಗಾಗಿ ಹೊಸದಾಗಿ ಬರೆದುಕೊಟ್ಟರು.

ಮೂರು ಮತ್ತು ನಾಲ್ಕು: 1968ರ ಜುಲೈ

ಆರು ಕೃತಿಗಳ ಕರಾರಿನ ಕಥೆ ಪ್ರಸಿದ್ಧವಾದದ್ದು. 1964ರಲ್ಲಿ ಒಮ್ಮೆ ಗೆಳೆಯರು ಕಾರಿನಲ್ಲಿ ಹೇರ್‌ವುಡ್ ಅರಮನೆಗೆ ಹೊರಟಿದ್ದರು. ಅಲ್ಲಿ ರಾಜಮನೆತನದ ಹಿರಿಯ ರಾಜಕುಮಾರಿಯೊಬ್ಬರು ಇರುತ್ತಾರೆಂದು ತಿಳಿದ ರಾಸ್ಟ್ರೊಪೊವಿಚ್ ಅವರ ಮುಂದೆ ನರ್ತಕರಂತೆ ಗಿರಕಿ ಹೊಡೆದು ಬಗ್ಗಿ ನಮಸ್ಕಾರ ಮಾಡುವೆನೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡತೊಡಗಿದರು. ಸಂಕೋಚ ಸ್ವಭಾವದ ಬ್ರಿಟ್ಟನ್ ಬೇಡವೆಂದು ಗೋಗರೆದರು. ‘ಹಾಗಾದರೆ ಬದಲಿಗೆ ಆರು ಕೃತಿ ಬರೆದುಕೊಡಬೇಕು’ ಎಂದು ಇವರ ಹಟ. ದಾರಿಯಲ್ಲಿ ಊಟಕ್ಕೆ ನಿಂತ ಹೋಟೆಲಿನ ಮೆನು ಕಾರ್ಡಿನ ಮೇಲೆ ಕರಾರು ಬರೆದು ಬ್ರಿಟ್ಟನ್ ಸಹಿ ಹಾಕಿದರು.

ಅದರಂತೆ ಒಂಟಿ ಚೆಲ್ಲೊಗೆಂದು ಬರೆದ ಮೊದಲ ಸೂಟ್ 1965ರ ಜೂನಿನಲ್ಲಿ, ಎರಡನೆಯದು 1968ರ ಜೂನಿನಲ್ಲಿ ಆಲ್ಡ್‌ಬರೊ ಉತ್ಸವದಲ್ಲಿ ಕೇಳಿಸಿದವು. ಜೊತೆಗೆ ಪಿಯಾನೊ ಇಲ್ಲ, ವೃಂದ ಇಲ್ಲ. ನಾಲ್ಕು ತಂತಿ, ಒಬ್ಬ ಮನುಷ್ಯ. ಎರಡನ್ನೂ ಸೇರಿಸಿ 1968ರ ಜುಲೈಯಲ್ಲಿ ಸ್ನೇಪ್ ಮಾಲ್ಟಿಂಗ್ಸ್ ಸಭಾಂಗಣದಲ್ಲಿ ಮುದ್ರಿಸಿದರು. ಬಿಯರಿಗೆ ಬಾರ್ಲಿ ಹದಮಾಡುತ್ತಿದ್ದ ಹಳೆಯ ಇಟ್ಟಿಗೆ ಕಟ್ಟಡವೊಂದನ್ನು ಬ್ರಿಟ್ಟನ್ ಬಳಗ 1967ರಲ್ಲಿ ಸಂಗೀತ ಸಭಾಂಗಣವಾಗಿ ಮಾಡಿತ್ತು. 1969ರ ಉತ್ಸವ ಶುರುವಾದ ರಾತ್ರಿಯೇ ಅದು ಬೆಂಕಿಗೆ ಸಿಕ್ಕಿತು, ಮರುವರ್ಷವೇ ಮತ್ತೆ ಎದ್ದು ನಿಂತಿತು. ನಾವು ಈ ತಟ್ಟೆಗಳಲ್ಲಿ ಕೇಳುವುದು ಬೆಂಕಿಗೆ ಮುಂಚಿನ ಸಭಾಂಗಣದ ನಾದ.

ಅದೇ ತಿಂಗಳು, ಅದೇ ಜಾಗದಲ್ಲಿ ಇಬ್ಬರೂ ಕೂಡಿ ನಾಲ್ಕನೆಯ ತಟ್ಟೆಯ ಕೆಲಸ ಮುಗಿಸಿದರು. ನನ್ನ ಮಟ್ಟಿಗೆ ನಾಲ್ಕರಲ್ಲಿ ಇದೇ ಶ್ರೇಷ್ಠ. ಇದರಲ್ಲಿ ಬ್ರಿಟ್ಟನ್ ಬರೆದದ್ದು ಒಂದು ಸ್ವರವೂ ಇಲ್ಲ. ಒಂದು ಕಡೆ ಶೂಬರ್ಟ್ 1824ರಲ್ಲಿ ಆರ್ಪೆಜಿಯೋನೆ ಎಂಬ, ಈಗ ಬಳಕೆಯಲ್ಲಿಲ್ಲದ ಆರು ತಂತಿಯ ವಾದ್ಯಕ್ಕೆ ಬರೆದ ಸೊನಾಟಾ. ಇನ್ನೊಂದು ಕಡೆ ಫ್ರಾಂಕ್ ಬ್ರಿಡ್ಜ್ ಮೊದಲ ಮಹಾಯುದ್ಧದ ವರ್ಷಗಳಲ್ಲಿ ಬರೆದು ಮುಗಿಸಿದ ಸೊನಾಟಾ. ಈ ಬ್ರಿಡ್ಜ್ ಬೇರಾರೂ ಅಲ್ಲ, ಬ್ರಿಟ್ಟನ್ ಹುಡುಗನಾಗಿದ್ದಾಗ ಸಂಗೀತ ಕಲಿಸಿದ ಗುರು. ಗುರುವಿನ ಕೃತಿಯನ್ನು ಶಿಷ್ಯ ತನ್ನ ಗೆಳೆಯನಿಗೆ ದಾಟಿಸುತ್ತಿದ್ದಾನೆ. ಪಾಠಾಂತರ ಎಂದರೆ ಇದೇ ಅಲ್ಲವೇ?

ಶೂಬರ್ಟ್ ಸೊನಾಟಾದ ಆರಂಭವನ್ನು ಗಮನಿಸಿ ಕೇಳಿ. ಮೊದಲು ಪಿಯಾನೊ ಒಂದೇ ರಾಗವನ್ನು ಹೇಳುತ್ತದೆ. ಬ್ರಿಟ್ಟನ್ ಅದನ್ನು ಯಾವ ಅವಸರವೂ ಇಲ್ಲದೆ, ಪ್ರತಿ ವಾಕ್ಯದ ಕೊನೆಯಲ್ಲಿ ತುಸುವೇ ತಡೆದು ನುಡಿಸುತ್ತಾರೆ. ಆಮೇಲೆ ಚೆಲ್ಲೊ ಅದೇ ರಾಗವನ್ನು ಎತ್ತಿಕೊಂಡಾಗ ಆ ತಡೆತವನ್ನೂ ಎತ್ತಿಕೊಳ್ಳುತ್ತದೆ. ಯಾರು ಮುಂದೆ, ಯಾರು ಹಿಂದೆ ಎಂದು ಹೇಳಲಾಗದು. ಏಳು ವರ್ಷಗಳ ಹಿಂದೆ ಎರಡೆರಡು ಸ್ವರಗಳಲ್ಲಿ ತಡವರಿಸಿ ಶುರುವಾದ ಮಾತುಕತೆ ಇಷ್ಟು ದೂರ ಬಂದಿತ್ತು.

ಇಲ್ಲದ ಐದನೆಯ ತಟ್ಟೆ

ಇಬ್ಬರ ಜೋಡಿ ವಾದನದ ತಟ್ಟೆಗಳು ಅಲ್ಲಿಗೆ ಮುಗಿದವು. ಮುಂದಿನ ವರ್ಷ ರಾಸ್ಟ್ರೊಪೊವಿಚ್ ದಂಪತಿಗಳು ಸರ್ಕಾರದ ಕೆಂಗಣ್ಣಿಗೆ ಗುರಿಯಾಗಿದ್ದ ಲೇಖಕ ಸೋಲ್ಜೆನಿತ್ಸಿನ್ ಅವರಿಗೆ ಮಾಸ್ಕೊ ಹೊರವಲಯದ ತಮ್ಮ ಮನೆಯಲ್ಲಿ ಆಸರೆ ಕೊಟ್ಟರು. 1970ರ ಅಕ್ಟೋಬರಿನಲ್ಲಿ ರಾಸ್ಟ್ರೊಪೊವಿಚ್ ಆ ಲೇಖಕರ ಪರವಾಗಿ ಸೋವಿಯತ್ ಪತ್ರಿಕೆಗಳಿಗೆ ಬಹಿರಂಗ ಪತ್ರ ಬರೆದರು. ಅಲ್ಲಿ ಯಾರೂ ಅದನ್ನು ಅಚ್ಚು ಹಾಕಲಿಲ್ಲ, ಪಶ್ಚಿಮದ ಪತ್ರಿಕೆಗಳಲ್ಲಿ ಅದು ಬಂತು. ಕಛೇರಿಗಳು ಒಂದೊಂದಾಗಿ ರದ್ದಾದವು. ಹೊರದೇಶದ ಪ್ರಯಾಣಕ್ಕೆ ತಡೆ ಬಿತ್ತು.

ಬ್ರಿಟ್ಟನ್ ಮಾತು ತಪ್ಪಲಿಲ್ಲ. 1971ರಲ್ಲಿ ಮೂರನೆಯ ಸೂಟನ್ನು ಬರೆದರು. ಈ ಸಲ ಸಂಗೀತವೆಲ್ಲ ರಷ್ಯಾದ್ದೇ: ಚೈಕೊವ್‌ಸ್ಕಿ ಸಂಗ್ರಹಿಸಿ ಅಳವಡಿಸಿದ್ದ ಮೂರು ಜಾನಪದ ಧಾಟಿಗಳು, ಜೊತೆಗೆ ರಷ್ಯನ್ ಚರ್ಚಿನಲ್ಲಿ ಸತ್ತವರ ಶಾಂತಿಗಾಗಿ ಹಾಡುವ ಒಂದು ಸ್ತೋತ್ರ. ಸಾಮಾನ್ಯವಾಗಿ ಮೊದಲು ಮೂಲ ಧಾಟಿಯನ್ನು ಹೇಳಿ ಆಮೇಲೆ ಅದನ್ನು ಬೆಳೆಸುತ್ತಾರೆ. ಇಲ್ಲಿ ಅದು ತಿರುವುಮುರುವು. ಧಾಟಿಗಳ ಚೂರುಗಳು ಕೃತಿಯುದ್ದಕ್ಕೂ ಸುಳಿದಾಡಿ, ಕೊನೆಯಲ್ಲಷ್ಟೇ ಒಂದೊಂದಾಗಿ ಪೂರ್ತಿ ಕೇಳಿಸುತ್ತವೆ. ಎಲ್ಲಕ್ಕಿಂತ ಕೊನೆಗೆ ಆ ಸ್ತೋತ್ರ. ಆದರೆ ಅದನ್ನು ಆಲ್ಡ್‌ಬರೊದಲ್ಲಿ ನುಡಿಸಬೇಕಾದವರು ದೇಶ ಬಿಟ್ಟು ಹೊರಬರುವಂತಿರಲಿಲ್ಲ.

ಇಲ್ಲಿ ವಿಧಿ ಎರಡು ಕಡೆಯಿಂದಲೂ ಬಾಗಿಲು ಹಾಕಿತು ಎನ್ನಬೇಕು. 1973ರ ಮೇಯಲ್ಲಿ ಬ್ರಿಟ್ಟನ್ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಆಗ ಪಾರ್ಶ್ವವಾಯು ತಗುಲಿ ಬಲಗೈಯ ಶಕ್ತಿ ಕುಂದಿತು. ಹಿಂದಿನಂತೆ ಪಿಯಾನೊ ನುಡಿಸುವುದು ಅವರಿಗೆ ಮತ್ತೆ ಸಾಧ್ಯವಾಗಲಿಲ್ಲ. ಸರಿಯಾಗಿ ಒಂದು ವರ್ಷದ ನಂತರ, 1974ರ ಮೇಯಲ್ಲಿ, ರಾಸ್ಟ್ರೊಪೊವಿಚ್ ಸೋವಿಯತ್ ಒಕ್ಕೂಟ ಬಿಟ್ಟು ಹೊರಬಂದರು. ಒಬ್ಬರಿಗೆ ದಾರಿ ತೆರೆದಾಗ ಇನ್ನೊಬ್ಬರ ಕೈ ನಿಂತಿತ್ತು.

ಆ ಡಿಸೆಂಬರ್ 21ರಂದು ಸ್ನೇಪ್ ಸಭಾಂಗಣದಲ್ಲಿ ರಾಸ್ಟ್ರೊಪೊವಿಚ್ ಮೂರನೆಯ ಸೂಟನ್ನು ಮೊದಲ ಸಲ ನುಡಿಸಿದರು. 1976ರ ಡಿಸೆಂಬರ್ 4ರಂದು, ಅರವತ್ತಮೂರನೆಯ ವಯಸ್ಸಿನಲ್ಲಿ, ಬ್ರಿಟ್ಟನ್ ತೀರಿಕೊಂಡರು. ಮೆನು ಕಾರ್ಡಿನ ಆರರಲ್ಲಿ ಮೂರು ಬರೆಯದೆ ಉಳಿದವು. ರಾಸ್ಟ್ರೊಪೊವಿಚ್ ನಡೆಸಲೆಂದು ಬರೆಯತೊಡಗಿದ್ದ ಒಂದು ಗಾನಕೃತಿಯೂ ಅರ್ಧಕ್ಕೆ ನಿಂತಿತು.

ರಾಸ್ಟ್ರೊಪೊವಿಚ್ ಇನ್ನೂ ಮೂವತ್ತು ವರ್ಷ ಬದುಕಿ 2007ರ ಏಪ್ರಿಲಿನಲ್ಲಿ ಮಾಸ್ಕೊದಲ್ಲಿ ಕಣ್ಣುಮುಚ್ಚಿದರು. 1978ರಲ್ಲಿ ಸೋವಿಯತ್ ಸರ್ಕಾರ ಅವರ ಪೌರತ್ವವನ್ನೇ ಕಿತ್ತುಕೊಂಡು, 1990ರಲ್ಲಿ ಮರಳಿಸಿತು. ಈ ಅವಧಿಯಲ್ಲಿ ಅವರು ಎಷ್ಟೋ ಕೃತಿಗಳನ್ನು ಮುದ್ರಿಸಿದರು. ಮೂರನೆಯ ಸೂಟಿನ ಗಾನತಟ್ಟೆ ಮಾತ್ರ ಮಾಡಲಿಲ್ಲ. ಅಳದೆ ಅದನ್ನು ನುಡಿಸಲು ಅವರಿಂದ ಆಗುತ್ತಿರಲಿಲ್ಲ ಎಂಬ ಮಾತು ಸಂಗೀತಗಾರರ ನಡುವೆ ಪ್ರಚಲಿತವಾಗಿದೆ.

ಹಾಗಾದರೆ ಆ ಸೂಟಿನ ಪಾಠಾಂತರ ಕಳೆದುಹೋಯಿತೆ? ಪೂರ್ತಿ ಹಾಗೆನ್ನಲಾಗದು. ಬೇರೆ ಬೇರೆ ದೇಶಗಳ ಎಷ್ಟೋ ಚೆಲ್ಲೊ ವಾದಕರು ಅದನ್ನು ಮುದ್ರಿಸಿದ್ದಾರೆ. ಅವರಿಗೆ ಬ್ರಿಟ್ಟನ್ ಬರೆದ ಕಾಗದವಿದೆ. ಅದಕ್ಕಿಂತ ಹೆಚ್ಚಾಗಿ ಈ ನಾಲ್ಕು ತಟ್ಟೆಗಳಿವೆ. ಬ್ರಿಟ್ಟನ್ ‘ಮೆಲ್ಲಗೆ’ ಎಂದು ಬರೆದರೆ ಎಷ್ಟು ಮೆಲ್ಲಗೆ, ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅವರು ಕಲಿಯುವುದು ಇವುಗಳಿಂದಲೇ.

ಈಗ ಗಾನತಟ್ಟೆ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಸಿ.ಡಿ. ಬಂತು, ಅದೂ ಹಳೆಯದಾಯಿತು, ಈಗ ಮೊಬೈಲ್ ಫೋನಿನಲ್ಲೇ ಎಲ್ಲ ಸಿಗುತ್ತದೆ. ಬಿಡುವಿದ್ದಾಗ ಮೊದಲು 1961ರ ಸೊನಾಟಾದ ‘ಸಂಭಾಷಣೆ’ ಕೇಳಿ. ಆಮೇಲೆ 1968ರ ಶೂಬರ್ಟ್ ಕೇಳಿ. ಕೊನೆಗೆ ಮೂರನೆಯ ಸೂಟನ್ನು ಬೇರೆ ಯಾರಾದರೂ ನುಡಿಸಿದ್ದು ಕೇಳಿ. ಅದರ ಕೊನೆಯ ಪುಟದಲ್ಲಿ ಚೆಲ್ಲೊ ತನ್ನ ಅತಿ ಕೆಳಗಿನ ತಂತಿಗೆ ಇಳಿದು, ಮೆಲ್ಲಗಾಗುತ್ತಾ ಹೋಗಿ ನಿಲ್ಲುತ್ತದೆ.